ಹ್ಯಾಲೆಟ್ ದೊರೆಯ ಕೇಕು, ನನ್ನ ತರ್ಜುಮೆ

ಕಳೆದ ತಿಂಗಳು ಕಣ್ಣಿನ ಡಾಕ್ಟರನ್ನು ಕಾಣಲು ಚಾಮರಾಜಪೇಟೆಗೆ ಹೋಗಿದ್ದೆ. ಅವರು ಎರಡೂ ಕಣ್ಣಿಗೆ ಹನಿ ಹಾಕಿ, ಒಂದು ಗಂಟೆ ಕಣ್ಣು ಮುಚ್ಚಿಕೊಂಡು ಕೂತಿರಿ ಎಂದು ಹೊರಗಿನ ಬೆಂಚಿಗೆ ಕಳಿಸಿದರು. ಕಣ್ಣು ಮುಚ್ಚಿದ ಮುದುಕನಿಗೆ ಮೂಗು ಚುರುಕಾಗುತ್ತದೆ. ಪಕ್ಕದಲ್ಲೊಂದು ಬೇಕರಿ ಇದೆಯೆಂದು ಯಾರೂ ಹೇಳಬೇಕಾಗಲಿಲ್ಲ. ಬೆಣ್ಣೆ, ಒಣದ್ರಾಕ್ಷಿ, ನಿಂಬೆಸಿಪ್ಪೆ ಒಂದೊಂದಾಗಿ ಬಂದು ಹಾಜರಿ ಹಾಕಿದವು. ಅವುಗಳ ಹಿಂದೆ, ಸ್ವಲ್ಪ ಸಂಕೋಚದಿಂದ, ನಾಲ್ಕನೆಯದೊಂದು. ಆ ನಾಲ್ಕನೆಯದರ ಹೆಸರನ್ನು ನಾನು ಒಂದು ಕಾಲದಲ್ಲಿ ಎಂಟು ತಿಂಗಳು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಬೇಕಾಗಿ ಬಂದದ್ದು ಹೇಗೆ ಎಂಬುದೇ ಈ ಬರಹ.

ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿತ್ತು. ದೇಶ ಎದ್ದು ನಿಂತಿತ್ತು. ನಾನು ಇಂಟರ್‌ಮೀಡಿಯೆಟ್ ಗಣಿತದಲ್ಲಿ ಬಿದ್ದಿದ್ದೆ. ಒಬ್ಬನೇ ಬೀಳುವುದು ಅವಮಾನ, ಮೂವರು ಬಿದ್ದರೆ ಅದೊಂದು ಸಂಘ. ಬಸವನಗುಡಿಯ ಶೀನ, ಮಲ್ಲೇಶ್ವರದ ಚಂದ್ರು, ಚಾಮರಾಜಪೇಟೆಯ ನಾನು, ಹೀಗೆ ಊರಿನ ಮೂರು ಬಡಾವಣೆಗಳಿಗೂ ಪ್ರಾತಿನಿಧ್ಯವಿತ್ತು.

ನಮ್ಮ ತಂದೆಗೆ ಬಳೇಪೇಟೆಯಲ್ಲಿ ಸಗಟು ಬಟ್ಟೆಯ ಅಂಗಡಿ. ಹಣೆ ತುಂಬ ವಿಭೂತಿ, ತಲೆಗೆ ರುಮಾಲು, ಲಿಂಗಪೂಜೆಯಾಗದೆ ಹನಿ ನೀರೂ ಇಳಿಸದ ಮನುಷ್ಯ. ಫಲಿತಾಂಶ ಬಂದ ದಿನ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇನ್ನೊಂದು ಸಲ ಕಟ್ಟು, ಅದರಲ್ಲೂ ಆಗದಿದ್ದರೆ ಬೇಸರ ಪಡಬೇಡ, ಥಾನು ಮಡಿಸುವುದಕ್ಕೆ ಗಣಿತ ಬೇಕಾಗುವುದಿಲ್ಲ ಎಂದು ಬಹಳ ಮೃದುವಾಗಿ ಹೇಳಿದರು. ನನಗೋ ಎಂಜಿನಿಯರಾಗಿ ಸೇತುವೆ ಕಟ್ಟುವ ಹುಚ್ಚು. ಥಾನುಗಳ ನಡುವೆ ಕೂತು ಮುದುಕನಾಗುವ ನನ್ನದೇ ಚಿತ್ರ ಕಣ್ಣಿಗೆ ಕಟ್ಟಿ, ಮೂರು ದಿನ ಊಟ ಸೇರಲಿಲ್ಲ. ನಾಲ್ಕನೆಯ ದಿನ ಸೇರಿತು.

ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಮಿಷನ್ ಕಾಂಪೌಂಡು. ಒಂದು ಶಾಲೆ, ಒಂದು ಹಾಸ್ಟೆಲು, ಒಂದು ವಾಚನಾಲಯ, ಮಧ್ಯೆ ಯಾರೂ ಆಡದ ಟೆನಿಸ್ ಕೋರ್ಟು. ಆ ವರ್ಷ ಜೂನ್ ತಿಂಗಳ ಜಿಟಿಜಿಟಿ ಮಳೆಯಲ್ಲಿ, ಒಂದು ಜಟಕಾದ ತುಂಬ ಪೆಟ್ಟಿಗೆ ಹೇರಿಕೊಂಡು ಗಂಡಹೆಂಡತಿ ಇಬ್ಬರು ಅಲ್ಲಿಗೆ ಬಂದಿಳಿದರು. ಆಸ್ಟ್ರೇಲಿಯಾದ ಕೆಳಗಿನ ಟಾಸ್ಮೇನಿಯಾ ಎಂಬ ದ್ವೀಪದವರಂತೆ. ಅಲ್ಲಿ ಅವರದು ಸೇಬಿನ ತೋಟ. ಅದನ್ನು ಒಂದು ವರ್ಷದ ಮಟ್ಟಿಗೆ ಯಾರಿಗೋ ಒಪ್ಪಿಸಿ, ತಮ್ಮದೇ ಖರ್ಚಿನಲ್ಲಿ ಹಡಗು ಹತ್ತಿ, ಸಂಬಳವಿಲ್ಲದೆ ಕೆಲಸ ಮಾಡಲು ಬಂದಿದ್ದರು. ಸಂಬಳವಿಲ್ಲದೆ ಕೆಲಸ ಮಾಡುವವರನ್ನು ಬಳೇಪೇಟೆ ಸುಲಭವಾಗಿ ನಂಬುವುದಿಲ್ಲ. ಇದರ ಹಿಂದೆ ಏನೋ ಇದೆ ಎಂದು ನಮ್ಮ ಬೀದಿಯವರು ತೀರ್ಮಾನಿಸಿ, ಅದು ಏನೆಂದು ನೋಡಲು ಕಾಯತೊಡಗಿದರು.

ಹೆಸರು ಹ್ಯಾಲೆಟ್. ಇಬ್ಬರಿಗೂ ಐವತ್ತೈದರ ಮೇಲೆ. ಅವರ ಸಂಸಾರದಲ್ಲಿ ಲೋಕದ ಏರ್ಪಾಡು ಸ್ವಲ್ಪ ತಿರುವುಮುರುವಾಗಿತ್ತು. ದೊರೆಸಾನಿಯವರು ಮೂವತ್ತು ವರ್ಷ ಗಣಿತ ಕಲಿಸಿದ ಮೇಡಂ; ದೊರೆ ಯುದ್ಧಕಾಲದಲ್ಲಿ ಸೈನ್ಯಕ್ಕೆ ಅಡುಗೆ ಮಾಡಿದವರು. ಹಾಗಾಗಿ ಆಕೆ ಕರಿಹಲಗೆಯ ಮುಂದೆ, ಈತ ಒಲೆಯ ಮುಂದೆ. ಬಂದ ಒಂದು ವಾರದಲ್ಲಿ ದೊರೆ ತಮ್ಮ ಕೋಣೆಯ ಹಿಂದೆ ಇಟ್ಟಿಗೆ, ಜೇಡಿಮಣ್ಣು, ಒಂದು ಹಳೇ ಸೀಮೆಎಣ್ಣೆ ಡ್ರಮ್ಮು ಸೇರಿಸಿ ಕೇಕು ಸುಡುವ ಒಲೆ ಕಟ್ಟಿದರು. ಉಳಿದ ಹೊತ್ತಿನಲ್ಲಿ ಹಾಸ್ಟೆಲಿನ ಮುರಿದ ಕಿಟಕಿ, ಸೋರುವ ನಲ್ಲಿ, ಅಳ್ಳಾಡುವ ಬೆಂಚು ಯಾವುದನ್ನೂ ನೆಮ್ಮದಿಯಾಗಿರಲು ಬಿಡಲಿಲ್ಲ. ದೊರೆಸಾನಿ ವಾಚನಾಲಯದ ಬಾಗಿಲಿಗೆ ಒಂದು ಚೀಟಿ ಅಂಟಿಸಿದರು: ಗಣಿತದಲ್ಲಿ ನಪಾಸಾದವರು ಯಾರು ಬೇಕಾದರೂ ಬರಬಹುದು. ಅಂಥ ಗೌರವದ ಆಹ್ವಾನ ನಮಗೆ ಅದುವರೆಗೆ ಬಂದಿರಲಿಲ್ಲ.

ಅಪ್ಪಾಜಿ ಎರಡು ದಿನ ಯೋಚಿಸಿ ಅಪ್ಪಣೆ ಕೊಟ್ಟರು. ಷರತ್ತು ಮೂರು. ಮಂಡಿ ಊರಬಾರದು, ಅವರ ಹಾಡು ಹಾಡಬಾರದು, ಅಲ್ಲಿ ಏನನ್ನೂ ತಿನ್ನಬಾರದು. ಮೂರರಲ್ಲಿ ಯಾವುದು ತಪ್ಪಿದರೂ ಮಾರನೆಯ ದಿನದಿಂದ ಅಂಗಡಿ. ನಾನು ಒಪ್ಪಿದೆ. ಮೊದಲೆರಡನ್ನು ಇಂದಿಗೂ ಪಾಲಿಸಿಕೊಂಡು ಬಂದಿದ್ದೇನೆ.

ಮಂಗಳವಾರ, ಗುರುವಾರ, ಶನಿವಾರ ನಾಲ್ಕು ಗಂಟೆಗೆ ಪಾಠ. ಶುರು ಮಾಡುವ ಮೊದಲು ದೊರೆಸಾನಿ ಅರ್ಧ ನಿಮಿಷ ಕಣ್ಣು ಮುಚ್ಚುತ್ತಿದ್ದರು. ನಮ್ಮನ್ನು ಮುಚ್ಚಿ ಎನ್ನುತ್ತಿರಲಿಲ್ಲ. ಆ ಅರ್ಧ ನಿಮಿಷದಲ್ಲಿ ನಾವು ಹಿಂದಿನ ದಿನದ ಲೆಕ್ಕದ ಉತ್ತರವನ್ನು ಒಬ್ಬರದನ್ನೊಬ್ಬರು ನೋಡಿ ಸರಿಮಾಡಿಕೊಳ್ಳುತ್ತಿದ್ದೆವು. ದೇವರು ಅವರವರಿಗೆ ಬೇಕಾದ ಹಾಗೆ ಒದಗುತ್ತಾನೆ. ಆಕೆ ಧರ್ಮದ ಮಾತು ಎತ್ತಿದ್ದನ್ನು ನಾನು ಕಾಣೆ. ಕೇಳಿದರೆ ಹೇಳುತ್ತಿದ್ದರೇನೋ, ನಾವು ಕೇಳಲಿಲ್ಲ. ತಪ್ಪು ಮಾಡಿದಾಗ ಸಿಡುಕುತ್ತಿರಲಿಲ್ಲ, ಆದರೆ ತಪ್ಪನ್ನು ಅಳಿಸಲು ಬಿಡುತ್ತಿರಲಿಲ್ಲ. ಅದರ ಮೇಲೆ ಒಂದು ಗೆರೆ ಎಳೆದು, ಅದು ಕಾಣುವ ಹಾಗೆಯೇ ಇಟ್ಟು, ಕೆಳಗೆ ಸರಿಯಾದದ್ದನ್ನು ಬರೆಸುತ್ತಿದ್ದರು. ಎಲ್ಲಿ ಜಾರಿದೆ ಎಂಬುದು ಕಣ್ಣ ಮುಂದೆ ಇರಬೇಕಂತೆ. ಚಂದ್ರುವಿನ ನೋಟುಪುಸ್ತಕ ಸೌತೆಕಾಯಿ ಹೆಚ್ಚಿಟ್ಟ ಹಾಗಿತ್ತು.

ಇನ್ನು ಮೂರನೆಯ ಷರತ್ತಿನ ವಿಷಯ. ಮೊದಲ ಶನಿವಾರವೇ, ಪಾಠ ಮುಗಿಯುವ ಹೊತ್ತಿಗೆ, ದೊರೆ ಏಪ್ರನ್ ಕಟ್ಟಿಕೊಂಡು ಒಂದು ತಟ್ಟೆ ಹಿಡಿದು ಬಂದರು. ಮಾಂಸ ಗೀಂಸ ಏನೂ ಇಲ್ಲ, ನಿಮ್ಮವರು ತಿನ್ನುವುದಿಲ್ಲವೆಂದು ನಮಗೆ ಗೊತ್ತು, ಇದು ಶುದ್ಧ ಸಸ್ಯಾಹಾರ ಎಂದು ಅಭಯ ಕೊಟ್ಟರು. ಅವರ ದೇಶದಲ್ಲಿ ಮೊಟ್ಟೆ ಹಾಲಿನ ಪಂಗಡಕ್ಕೆ ಸೇರಿದ್ದು. ನಮ್ಮ ದೇಶದಲ್ಲಿ ಅದು ಯಾವ ಪಂಗಡಕ್ಕೆ ಸೇರಿದ್ದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬಹುದಾಗಿದ್ದ ಮೂವರು ಆ ತಟ್ಟೆಯ ಮುಂದೆಯೇ ಕೂತಿದ್ದೆವು. ನಮ್ಮ ಬೆನ್ನ ಹಿಂದಿನ ಕಿಟಕಿಯಾಚೆ, ಗುಲಾಬಿ ಗಿಡಗಳ ಬುಡದಲ್ಲಿ, ಪುಡಿ ಮಾಡಿದ ಮೊಟ್ಟೆಯ ಚಿಪ್ಪು ಬೆಳ್ಳಗೆ ಕಾಣುತ್ತಿತ್ತು. ಶೀನ ಚಿಪ್ಪನ್ನು ನೋಡಿದ, ಕೇಕನ್ನು ನೋಡಿದ, ನನ್ನನ್ನು ನೋಡಿದ.

"ಕೇಳಿದ್ರೆ ಗೊತ್ತಾಗತ್ತೆ. ಗೊತ್ತಾದ್ರೆ ಬಿಡಬೇಕಾಗತ್ತೆ," ಅಂದ.

"ಹಾಗಾದ್ರೆ?" ಅಂದ ಚಂದ್ರು.

"ಕೇಳಬಾರದು."

ಶೀನ ಮುಂದೆ ಹೈಕೋರ್ಟಿನಲ್ಲಿ ಒಳ್ಳೆಯ ಹೆಸರು ಮಾಡಿದ. ಬುನಾದಿ ಅಲ್ಲಿಯೇ ಬಿದ್ದದ್ದು.

ಸಕ್ಕರೆ ರೇಷನ್ನಿನಲ್ಲಿ ಸಿಗುತ್ತಿದ್ದ ಕಾಲ. ಶನಿವಾರದ ಕೇಕಿಗಾಗಿ ಆ ಗಂಡಹೆಂಡತಿ ವಾರವೆಲ್ಲ ಚಹಾವನ್ನು ಸಪ್ಪೆಯಾಗಿ ಕುಡಿಯುತ್ತಿದ್ದರೆಂದು ನನಗೆ ತಿಳಿದದ್ದು ದೀಪಾವಳಿಯ ಹೊತ್ತಿಗೆ. ತಿಳಿದ ಮೇಲೆ ಒಂದು ಶನಿವಾರ ಗಂಟಲಲ್ಲಿ ಸ್ವಲ್ಪ ಹಿಡಿಯಿತು. ಮುಂದಿನ ಶನಿವಾರ ಇಳಿಯಿತು.

ಡಿಸೆಂಬರಿನ ಚಳಿಯಲ್ಲಿ ಮೂಗು ಕೆಂಪಾಗಿಸಿಕೊಂಡು ನಾವು ಕ್ಯಾಲ್ಕುಲಸ್ಸಿನ ಹೊಸ್ತಿಲು ದಾಟಿದೆವು. ಸಂಕ್ರಾಂತಿಗೆ ಮೂರು ಮನೆಯಿಂದಲೂ ಎಳ್ಳುಬೆಲ್ಲ ಹೋಯಿತು. ದೊರೆ ಸಕ್ಕರೆ ಅಚ್ಚಿನ ಆನೆಯನ್ನು ತಿನ್ನಲು ಮನಸ್ಸಾಗದೆ ಕಿಟಕಿಯ ಮೇಲಿಟ್ಟರು. ಅದನ್ನು ಇರುವೆಗಳು ಮುಗಿಸಿದವು. ಜನವರಿಯ ಕೊನೆಯಲ್ಲಿ ದೊರೆಸಾನಿ ಒಂದು ಇಡೀ ಪ್ರಶ್ನೆಪತ್ರಿಕೆ ಕೊಟ್ಟರು. ಮೂವರೂ ಪಾಸಾಗುವಷ್ಟು ಮಾಡಿದ್ದೆವು. ಪರೀಕ್ಷೆಗೆ ಇನ್ನು ಎರಡು ತಿಂಗಳು. ಈ ಗತಿಯಲ್ಲಿ ಹೋದರೆ ಭಯವಿಲ್ಲ, ಆದರೆ ಒಂದು ಪಾಠವನ್ನೂ ತಪ್ಪಿಸಬೇಡಿ ಎಂದರು. ಸೇತುವೆಯ ಆಚೆ ದಡ ನನಗೆ ಮೊದಲ ಬಾರಿಗೆ ಕಂಡದ್ದು ಆ ದಿನ.

ಅದಾದ ವಾರಕ್ಕೇ ಶಾಂತಮ್ಮ ಟೀಚರು ಬಂದರು. ಕಾಂಪೌಂಡಿನ ಪ್ರೈಮರಿ ಶಾಲೆಗೆ ಆಕೆ ಮುಖ್ಯಸ್ಥೆ. ತಾತನ ಕಾಲದಿಂದ ಕ್ರೈಸ್ತರು, ಊರಿನ ಎಲ್ಲ ಜಾತಿಗಳ ಊಟದ ನಿಯಮವೂ ಅವರಿಗೆ ಬಾಯಿಪಾಠ. ಶನಿವಾರ ಯಾವುದೋ ರಿಜಿಸ್ಟರಿಗಾಗಿ ವಾಚನಾಲಯಕ್ಕೆ ಬಂದವರು ಬಾಗಿಲಲ್ಲೇ ನಿಂತರು. ಶೀನನ ಜುಟ್ಟನ್ನು ನೋಡಿದರು, ನನ್ನ ವಿಭೂತಿ ನೋಡಿದರು, ತಟ್ಟೆ ನೋಡಿದರು. ನೇರ ಹಿತ್ತಲಿಗೆ ಹೋಗಿ, ಇದಕ್ಕೆ ಎಷ್ಟು ಮೊಟ್ಟೆ ಹಾಕಿದ್ದೀರಿ ಎಂದು ದೊರೆಯನ್ನು ಕೇಳಿದರು. ನಾಲ್ಕು ಎಂದು ದೊರೆ ಹೆಮ್ಮೆಯಿಂದ ಹೇಳಿದ್ದು ನಮಗೂ ಕೇಳಿಸಿತು.

ಐದು ನಿಮಿಷ ಕಳೆದು ಇಬ್ಬರೂ ಒಳಗೆ ಬಂದರು. ಹ್ಯಾಲೆಟ್ ದೊರೆಯ ಮುಖದಲ್ಲಿ ರಕ್ತವಿರಲಿಲ್ಲ. ದೊರೆಸಾನಿಯ ಕೈಯಲ್ಲಿದ್ದ ಸೀಮೆಸುಣ್ಣ ಕೆಳಗೆ ಬಿತ್ತು, ಎತ್ತಿಕೊಳ್ಳಲಿಲ್ಲ. ನಮಗೆ ಗೊತ್ತಿರಲಿಲ್ಲ ಮಕ್ಕಳೇ, ನಮಗೆ ಗೊತ್ತಿರಲಿಲ್ಲ ಎಂದು ದೊರೆ ಮತ್ತೆ ಮತ್ತೆ ಹೇಳಿದರು. ಆ ಕ್ಷಣದಲ್ಲಿ, ನಮಗೆ ಗೊತ್ತಿತ್ತು ಸ್ವಾಮಿ ಎಂದುಬಿಟ್ಟಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಶೀನ ಅಷ್ಟು ಹೊತ್ತಿಗಾಗಲೇ ಹೊಟ್ಟೆ ಹಿಡಿದುಕೊಂಡು ಬಗ್ಗಿದ್ದ. ಚಂದ್ರು ತಲೆಯ ಮೇಲೆ ಕೈ ಹೊತ್ತಿದ್ದ. ನಾನು ಕಣ್ಣು ಮುಚ್ಚಿಕೊಂಡೆ. ಒಟ್ಟಿನಲ್ಲಿ ಬಹಳ ಕರುಣಾಜನಕವಾದ ದೃಶ್ಯ, ಹಾಗೂ ಅಗತ್ಯಕ್ಕಿಂತ ಚೆನ್ನಾಗಿ ಮೂಡಿಬಂತು. ಅದನ್ನು ನೋಡಿದ ಮೇಲೆ ದೊರೆ ನಿಶ್ಚಯ ಮಾಡಿಬಿಟ್ಟರು: ಮುಂದಿನ ಶನಿವಾರ ಮೂರು ಮನೆಗೂ ಹೋಗಿ, ತಂದೆತಾಯಿಗಳ ಎದುರು ನಿಂತು, ಕ್ಷಮೆ ಕೇಳಬೇಕು.

ಗೊತ್ತಿಲ್ಲದೆ ನಡೆದ ತಪ್ಪನ್ನು, ಯಾರಿಗೂ ಗೊತ್ತಾಗದಿರುವಾಗ, ಮನೆಮನೆಗೆ ಹೋಗಿ ಹೇಳಿ ಬರುವುದು! ಇಂಥ ಯೋಚನೆ ಹೊಳೆಯಬೇಕಾದರೆ ಸಮುದ್ರ ದಾಟಿ ಬಂದವರೇ ಆಗಿರಬೇಕು. ನಾವು ಬೇಡವೆಂದು ಗೋಗರೆದೆವು. ಕಾರಣ ಹೇಳುವಂತಿರಲಿಲ್ಲ. ಶಾಂತಮ್ಮ ಟೀಚರೂ ಬೇಡವೆಂದರು. ಅವರ ಕಾರಣ ಗಟ್ಟಿಯಾಗಿತ್ತು. ನೀವು ಬೇಕೆಂದೇ ಹುಡುಗರ ಜಾತಿ ಕೆಡಿಸಿದಿರಿ ಅನ್ನುತ್ತಾರೆ, ಬೀದಿಯವರು ಕಾಯುತ್ತಿರುವುದೂ ಅದಕ್ಕೇ, ಶಾಲೆ ಖಾಲಿಯಾಗುತ್ತದೆ, ನಿಮ್ಮನ್ನು ವಾಪಸು ಕಳಿಸುತ್ತಾರೆ ಎಂದರು. ದೊರೆಸಾನಿ ಎಲ್ಲವನ್ನೂ ಕೇಳಿಸಿಕೊಂಡು, ಹಾಗೂ ಆಗಬಹುದು, ಆದರೆ ಅವರು ನಮ್ಮನ್ನು ನಂಬಿ ಮಕ್ಕಳನ್ನು ಕಳಿಸಿದ್ದಾರೆ ಎಂದಷ್ಟೇ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, ನಮ್ಮ ಮಾತನ್ನು ಕನ್ನಡದಲ್ಲಿ ಹೇಳುವವನು ನೀನೇ ಎಂದರು. ಡಿಬೇಟಿನಲ್ಲಿ ನನಗೊಂದು ಬಹುಮಾನ ಬಂದಿದ್ದುದನ್ನು ನಾನೇ ಅವರಿಗೆ ಹೇಳಿಕೊಂಡಿದ್ದೆ. ಆತ್ಮಸ್ತುತಿಯ ಫಲ.

ಆ ವಾರ ನಾವು ಮೂವರು ಗಣಿತದಲ್ಲಿ ತೋರಿಸದ ಬುದ್ಧಿಯನ್ನೆಲ್ಲ ಈ ಗಂಡಾಂತರಕ್ಕೆ ಉಪಯೋಗಿಸಿದೆವು. ಶೀನನ ತಂದೆ ರೈಲ್ವೆ ಗಾರ್ಡು. ಮನೆಯಲ್ಲಿರುವುದಕ್ಕಿಂತ ಹಳಿಯ ಮೇಲಿರುವುದೇ ಹೆಚ್ಚು. ತಾಯಿಗೆ ಇಂಗ್ಲಿಷು ಬರುವುದಿಲ್ಲ. ಚಂದ್ರು ಇದ್ದದ್ದು ಅಜ್ಜ ಅಜ್ಜಿಯ ಜೊತೆ. ಅಜ್ಜ ರಿಟೈರಾದ ಅಮಲ್ದಾರರು, ಇಂಗ್ಲಿಷಿನಲ್ಲಿ ಕನಸು ಕಾಣುವವರು. ಅವರನ್ನು ಶನಿವಾರ ಕುಮಾರ ಪಾರ್ಕಿನಲ್ಲಿದ್ದ ಅವರ ತಂಗಿಯ ಮನೆಗೆ ಸಾಗಿಸುವ ಹೊಣೆ ಚಂದ್ರುವಿನದು. ಇನ್ನು ನಮ್ಮ ಅಪ್ಪಾಜಿ. ಅವರಿಗೆ ಬರುವ ಇಂಗ್ಲಿಷ್ ಕಾಗದಗಳನ್ನು ದಿನಾ ಸಂಜೆ ಓದಿ ಅರ್ಥ ಹೇಳುತ್ತಿದ್ದವನೇ ನಾನು. ಆ ದಿಕ್ಕಿನಿಂದ ನಿಶ್ಚಿಂತೆ.

ಶನಿವಾರ ಬೆಳಿಗ್ಗೆ ಮೂರು ಸೈಕಲ್ಲುಗಳಲ್ಲಿ ಹೊರಟೆವು. ದೊರೆ ಆ ಬಿಸಿಲಲ್ಲೂ ಕೋಟು ಹಾಕಿ ಟೈ ಕಟ್ಟಿದ್ದರು. ಬಸವನಗುಡಿಯಲ್ಲಿ ಶೀನನ ತಾಯಿ ಜಗಲಿಗೆ ಚಾಪೆ ಹಾಸಿ, ಕೂತುಕೊಳ್ಳಿ ಎಂದರು. ದೊರೆ ಕೂರಲಿಲ್ಲ. ಹ್ಯಾಟನ್ನು ಎದೆಗೆ ಹಿಡಿದು ನಿಂತು, ವಾರವೆಲ್ಲ ಮನಸ್ಸಿನಲ್ಲಿ ತಿದ್ದಿಕೊಂಡಿದ್ದ ಮಾತನ್ನು ನಿಧಾನವಾಗಿ ಹೇಳಿದರು. ನಮ್ಮನ್ನು ನಂಬಿ ನಿಮ್ಮ ಮಗನನ್ನು ಕಳಿಸಿದಿರಿ. ನಿಮ್ಮ ಮನೆಯ ನೇಮವೇನೆಂದು ಮೊದಲೇ ಕೇಳುವಷ್ಟು ವಿನಯ ನನಗಿರಲಿಲ್ಲ. ನಾನು ಮಾಡಿಕೊಟ್ಟ ಕೇಕಿನಲ್ಲಿ ಮೊಟ್ಟೆಯಿತ್ತು. ತಪ್ಪು ನನ್ನದು, ಹುಡುಗರದಲ್ಲ, ದಯವಿಟ್ಟು ಕ್ಷಮಿಸಿ.

ಎಲ್ಲರೂ ನನ್ನ ಮುಖ ನೋಡಿದರು. ಕಂಬದ ಮರೆಯಲ್ಲಿ ಶೀನ ಉಸಿರು ಬಿಗಿಹಿಡಿದಿದ್ದ.

"ನಿಮ್ಮ ಮಗ ತುಂಬ ಚೆನ್ನಾಗಿ ಓದ್ತಿದಾನಂತೆ ಅಮ್ಮ. ಈ ಸಲ ಖಂಡಿತ ಪಾಸಾಗ್ತಾನಂತೆ," ಅಂದೆ.

ಆ ತಾಯಿಯ ಮುಖ ಅರಳಿತು. ಕೈ ಮುಗಿದರು, ಒಳಗೆ ಹೋಗಿ ಕೋಡುಬಳೆ ತಂದರು. ಆಕೆ ಕೈಮುಗಿದದ್ದನ್ನು ಕಂಡು ಹ್ಯಾಲೆಟ್ ದೊರೆಯ ಕಣ್ಣಲ್ಲಿ ನೀರು ಬಂತು. ಕರವಸ್ತ್ರ ತೆಗೆದು ಒರೆಸಿಕೊಂಡರು.

"ಲೆಕ್ಕ ಬಂದಿದ್ದಕ್ಕೆ ಯಾರಾದ್ರೂ ಅಳ್ತಾರೇನಪ್ಪ?" ಎಂದು ಆಕೆ ಮೆಲ್ಲಗೆ ನನ್ನನ್ನು ಕೇಳಿದರು.

"ಅವರ ದೇಶದಲ್ಲಿ ಹಾಗೇ ಅಮ್ಮ," ಅಂದೆ.

ಮಲ್ಲೇಶ್ವರದಲ್ಲಿ ಕೆಲಸ ಇನ್ನೂ ಸಲೀಸು. ಮಡಿಯುಟ್ಟಿದ್ದ ಅಜ್ಜಿ ನಡುಮನೆಯ ಬಾಗಿಲಲ್ಲಿ ನಿಂತು ಕೇಳಿದರು. ಪರೀಕ್ಷೆ ಹತ್ತಿರ ಬಂತು, ಹಿರಿಯರ ಆಶೀರ್ವಾದ ಬೇಡಲು ಬಂದಿದ್ದಾರೆ ಎಂದು ತರ್ಜುಮೆ ಮಾಡಿದೆ. ಅಜ್ಜಿ ದೂರದಿಂದಲೇ ದಂಪತಿಗಳ ತಲೆಯ ಮೇಲೆ ಅಕ್ಷತೆ ಹಾಕಿದರು. ದೊರೆಸಾನಿ ಹೊಸ್ತಿಲಿಗೆ ತಲೆ ಬಗ್ಗಿಸಿ ನಮಸ್ಕರಿಸಿದರು. ವಾಪಸು ಬರುವಾಗ ಆಕೆ ಸಂಪಿಗೆ ಮರದ ನೆರಳಿನಲ್ಲಿ ಸೈಕಲ್ ನಿಲ್ಲಿಸಿ, ಇಷ್ಟು ಬೇಗ, ಇಷ್ಟು ಪೂರ್ತಿಯಾಗಿ ಕ್ಷಮಿಸುವ ಜನರನ್ನು ನಾನು ಕಂಡಿಲ್ಲ, ನಾವು ಇವರಿಗೆ ಏನು ಕಲಿಸಲು ಬಂದೆವೋ ಎಂದರು. ನಾನು ಸೈಕಲ್ಲಿನ ಚೈನು ಸರಿಮಾಡುವ ನೆಪದಲ್ಲಿ ಬಗ್ಗಿದೆ. ಅದು ಸರಿಯಾಗಿಯೇ ಇತ್ತು.

ಸಂಜೆ ನಮ್ಮ ಮನೆ. ಅಪ್ಪಾಜಿ ಅಂಗಡಿಯಿಂದ ಬಂದು ಕೈಕಾಲು ತೊಳೆದು ಪಡಸಾಲೆಯಲ್ಲಿ ಕೂತಿದ್ದರು. ದಂಪತಿಗಳಿಗೆ ಕುರ್ಚಿ ತೋರಿಸಿದರು. ದೊರೆ ಮೂರನೆಯ ಸಲ ನಿಂತು, ಮೂರನೆಯ ಸಲವೂ ಅಷ್ಟೇ ಕಷ್ಟಪಟ್ಟು, ಅದೇ ಮಾತು ಹೇಳಿದರು. ನಾನು ಅಷ್ಟು ಹೊತ್ತಿಗೆ ನುರಿತ ದುಭಾಷಿ. ನನ್ನ ಪ್ರಗತಿಯ ಬಗ್ಗೆ ಅವರಿಗೆ ಬಹಳ ಸಂತೋಷವಾಗಿದೆಯೆಂದೂ, ಅದನ್ನು ತಮಗೆ ತಿಳಿಸಿ ಹೋಗಲು ಬಂದರೆಂದೂ ನಿವೇದಿಸಿದೆ.

ಅಪ್ಪಾಜಿ ನನ್ನ ಕಡೆ ತಿರುಗಿದರು.

"ಅಷ್ಟೇ ಅಂದ್ರಾ?"

"ಅಷ್ಟೇ ಅಪ್ಪಾಜಿ."

"ಇನ್ನೊಂದು ಸಲ ಕೇಳಿ ನೋಡು, ಬಸು. ಮಧ್ಯೆ ಎಲ್ಲೋ ಮೊಟ್ಟೆ ಅಂದ ಹಾಗಾಯ್ತು."

ಇಪ್ಪತ್ತು ವರ್ಷ ಬಿನ್ನಿಪೇಟೆಯಲ್ಲಿ ಮಿಲ್ಲಿನ ಬಿಳಿಯ ಮ್ಯಾನೇಜರುಗಳ ಜೊತೆ ಕೂತು ಬಟ್ಟೆಯ ದರ ಕುದುರಿಸಿದ ಮನುಷ್ಯನಿಗೆ ಇಂಗ್ಲಿಷು ಬರುವುದಿಲ್ಲವೆಂದು ನಂಬಿಕೊಂಡಿದ್ದ ಮಗ ನಾನು. ರುಮಾಲಿನೊಳಗೆ ಇಂಗ್ಲಿಷು ಹಿಡಿಸುವುದಿಲ್ಲವೆಂದು ಯಾರು ಹೇಳಿದ್ದರೋ! ಕಾಗದಗಳನ್ನು ಅವರು ನನ್ನಿಂದ ಓದಿಸುತ್ತಿದ್ದುದು ಅರ್ಥ ತಿಳಿಯಲಿಕ್ಕಲ್ಲ, ನನಗೆಷ್ಟು ಬಂದಿದೆ ಎಂದು ನೋಡಲಿಕ್ಕೆ.

ಅವರು ದೊರೆಯ ಕಡೆ ತಿರುಗಿ, ಬಿಡಿಬಿಡಿಯಾದ, ಆದರೆ ಒಂದೂ ತಪ್ಪಿಲ್ಲದ ಇಂಗ್ಲಿಷಿನಲ್ಲಿ ಹೇಳಿದರು: ತಿಳಿಯದೆ ಆದದ್ದು ನಮ್ಮಲ್ಲಿ ತಪ್ಪಲ್ಲ, ನೀವು ಬಂದು ಹೇಳಿದ್ದು ದೊಡ್ಡತನ, ಕೂತುಕೊಳ್ಳಿ. ಆಮೇಲೆ ಕನ್ನಡದಲ್ಲಿ ನನ್ನನ್ನು ಕೇಳಿದರು.

"ನಿನಗೆ ಗೊತ್ತಿತ್ತಾ?"

ಹೌದು ಎಂದರೆ ಸೋಮವಾರದಿಂದ ಅಂಗಡಿ. ಇಲ್ಲ ಎಂದರೆ ಬಹುಶಃ ನಡೆದುಹೋಗುತ್ತಿತ್ತು. ಆದರೆ ದೊರೆಸಾನಿ ನನ್ನನ್ನೇ ನೋಡುತ್ತಿದ್ದರು. ತಲೆಗೂದಲಲ್ಲಿ ಮಲ್ಲೇಶ್ವರದ ಅಕ್ಷತೆಯ ಎರಡು ಕಾಳು ಇನ್ನೂ ಸಿಕ್ಕಿಕೊಂಡಿದ್ದವು.

"ಗೊತ್ತಿತ್ತು," ಅಂದೆ.

ಹುಡುಗ ಏನೆಂದ ಎಂದು ದೊರೆಸಾನಿ ಅಪ್ಪಾಜಿಯನ್ನು ಕೇಳಿದರು. ದುಭಾಷಿ ಅವನೇ, ಅವನನ್ನೇ ಕೇಳಿ ಎಂದರು ಅಪ್ಪಾಜಿ. ನನ್ನ ಜೀವನದಲ್ಲಿ ನಾನು ಮಾಡಿದ ಮೊದಲ ಪ್ರಾಮಾಣಿಕ ತರ್ಜುಮೆ ನನ್ನದೇ ಮಾತಿನದು. ಮೊದಲ ದಿನದಿಂದ ಮೂವರಿಗೂ ಗೊತ್ತಿತ್ತು ಎಂದೆ. ಆ ಎರಡು ಮನೆಗಳಲ್ಲಿ ನೀವು ಹೇಳಿದ್ದನ್ನು ನಾನು ಹೇಳಲಿಲ್ಲ ಎಂದೂ ಹೇಳಿದೆ. ಏನು ಹೇಳಿದೆನೆಂಬುದನ್ನೂ ಹೇಳಬೇಕಾಯಿತು. ಅದು ಇಂಗ್ಲಿಷಿನಲ್ಲಿ ಇನ್ನೂ ಕೆಟ್ಟದಾಗಿ ಕೇಳಿಸಿತು.

ಬೈಗುಳ ಬರುತ್ತದೆಂದು ಕಾದೆ. ದೊರೆ ಹ್ಯಾಟಿನ ಅಂಚಿನ ಸುತ್ತ ಬೆರಳಾಡಿಸುತ್ತಿದ್ದರು. ದೊರೆಸಾನಿ ಗಂಡನ ಕಡೆ ತಿರುಗಿ ಒಂದೇ ಮಾತು ಹೇಳಿದರು.

"ಹಾಗಾದರೆ ಆ ಎರಡು ಮನೆಯವರು ನಮ್ಮನ್ನು ಇನ್ನೂ ಕ್ಷಮಿಸಿಲ್ಲ."

ನನ್ನ ಮೋಸ ಅವರ ಲಕ್ಷ್ಯಕ್ಕೇ ಬಂದಂತಿರಲಿಲ್ಲ. ತಮ್ಮ ಕೆಲಸ ಉಳಿದುಹೋಯಿತಲ್ಲ ಎಂಬುದೊಂದೇ ಕೊರಗು. ಆ ಹೊತ್ತು ನನಗೆ ಆದಷ್ಟು ನಾಚಿಕೆ ಇಂಟರ್‌ಮೀಡಿಯೆಟ್ ಫಲಿತಾಂಶದ ದಿನವೂ ಆಗಿರಲಿಲ್ಲ.

ಅಪ್ಪಾಜಿ ಎದ್ದು ನಿಂತರು. "ನಮ್ಮ ಅಂಗಡಿಯಿಂದ ತಪ್ಪು ಮಾಲು ಹೋದ್ರೆ, ಗಂಟು ಕಟ್ಟಿದವನೇ ಹೊತ್ಕೊಂಡು ಹೋಗಿ ಬದಲಾಯಿಸಿ ಬರಬೇಕು. ಬೇರೆಯವರ ಕೈಲಿ ಕಳಿಸೋ ಹಾಗಿಲ್ಲ. ಎರಡು ಮನೆಗೆ ತಪ್ಪು ಮಾಲು ಕೊಟ್ಟು ಬಂದಿದೀಯ. ಹೋಗಿ ಬಾ. ಪಾಠದ ವಿಷಯ ಆಮೇಲೆ ನೋಡೋಣ."

ಅದನ್ನೂ ತರ್ಜುಮೆ ಮಾಡಿ ಹೇಳಿದೆ. ನಾಳೆಯೇ ಹೋಗೋಣ, ಪ್ರಾರ್ಥನೆ ಮುಗಿದ ಕೂಡಲೇ ಎಂದರು ದೊರೆಸಾನಿ. ಈ ಸಲ ಶಾಂತಮ್ಮ ಟೀಚರನ್ನು ಕರೆದುಕೊಂಡು ಹೋಗಿ, ಅವರು ಸರಿಯಾಗಿ ಹೇಳುತ್ತಾರೆ ಎಂದು ನಾನು ಸೂಚಿಸಿದೆ. ಆಕೆ ತಲೆ ಅಲ್ಲಾಡಿಸಿದರು. ಬೇಡ, ನಮ್ಮ ದುಭಾಷಿ ನೀನೇ ಎಂದರು.

ಭಾನುವಾರ ಅವರು ಚರ್ಚಿನಲ್ಲಿದ್ದ ಹೊತ್ತಿನಲ್ಲಿ ನಾನು ಇಬ್ಬರು ಗೆಳೆಯರಿಗೂ ಮುನ್ಸೂಚನೆ ಕೊಟ್ಟುಬಂದೆ. ಚಂದ್ರು ತಲೆಯ ಮೇಲೆ ಕೈ ಹೊತ್ತ, ಈ ಸಲ ನಿಜವಾಗಿಯೇ. ಶೀನ ಜಗಳಕ್ಕೆ ಬಂದ.

"ನೀನು ಸತ್ಯವಂತ ಆಗೋದಕ್ಕೆ ನಮ್ಮನೇನೇ ಬೇಕಿತ್ತೇನೋ? ನಿಮ್ಮಪ್ಪನ ಅಂಗಡೀಲಿ ಜಾಗ ಇರಲಿಲ್ವಾ?"

ಮಲ್ಲೇಶ್ವರದಲ್ಲಿ ಈ ಸಲ ಅಮಲ್ದಾರರು ಇದ್ದರು. ದೊರೆಯ ಮಾತನ್ನು ನೇರವಾಗಿ ಇಂಗ್ಲಿಷಿನಲ್ಲೇ ಕೇಳಿಸಿಕೊಂಡು, ಇಂಥ ಅರ್ಜಿ ನನ್ನ ಸರ್ವೀಸಿನಲ್ಲೇ ಬಂದಿರಲಿಲ್ಲ ಎಂದರು. ಅಜ್ಜಿಗೆ ಹೇಳಬೇಕಾದವನು ಮಾತ್ರ ನಾನೇ. ಅಜ್ಜಿ ಕೇಳಿ, ಹಾಕಿದ ಅಕ್ಷತೆಯನ್ನು ವಾಪಸು ತೆಗೆದುಕೊಳ್ಳಲಾಗುವುದಿಲ್ಲ, ಅದು ಅವರಿಗೇ ಇರಲಿ ಎಂದು, ಚಂದ್ರುವಿಗೆ ಒಂದು ಲೋಟ ಪಂಚಗವ್ಯ ತಂದುಕೊಟ್ಟರು. ಅವನು ಅದನ್ನು ಕುಡಿದ ರೀತಿಯನ್ನು ವರ್ಣಿಸುವುದು ಸ್ನೇಹಧರ್ಮವಲ್ಲ.

ಬಸವನಗುಡಿ ಸೇರುವ ಹೊತ್ತಿಗೆ ನಡುಮಧ್ಯಾಹ್ನ. 'ಮತ್ತೆ ಬಂದ್ರಾ!' ಎಂದು ಶೀನನ ತಾಯಿ ಸಂಭ್ರಮದಿಂದ ಹೊರಗೆ ಬಂದರು. ಆ ಸಂಭ್ರಮಕ್ಕೆ ನಾನೇ ಕಾರಣ. ಅದನ್ನು ನಾನೇ ಆರಿಸಬೇಕು. ದೊರೆ ಹ್ಯಾಟು ತೆಗೆದು ಅದೇ ನಾಲ್ಕು ಮಾತು ಹೇಳಿದರು. ಎಲ್ಲರೂ ನನ್ನ ಮುಖ ನೋಡಿದರು.

"ಅಮ್ಮ, ನಿನ್ನೆ ಇವರು ಹೇಳಿದ್ದೇ ಬೇರೆ, ನಾನು ಹೇಳಿದ್ದೇ ಬೇರೆ," ಎಂದು ಶುರುಮಾಡಿದೆ. ನಡುವೆ ಎರಡು ಸಲ ತಡವರಿಸಿದೆ. ಹ್ಯಾಲೆಟ್ ದೊರೆ ನನ್ನ ಬೆನ್ನ ಮೇಲೆ ಕೈಯಿಟ್ಟರು. ನಮಗೆ ಮೊದಲೇ ಗೊತ್ತಿತ್ತೆಂಬುದನ್ನೂ ಹೇಳಿ ಮುಗಿಸಿದೆ.

ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು, ಕಂಬದ ಮರೆಯಲ್ಲಿದ್ದ ಮಗನನ್ನು ಬಹಳ ಹೊತ್ತು ನೋಡಿದರು.

"ಅವರು ತಿಳೀದೆ ಹಾಕಿದ್ರು. ನೀವು ತಿಳಿದೂ ತಿಂದ್ರಿ," ಅಂದರು. "ಸರಿ. ಅವರಿಬ್ಬರಿಗೂ ಹೇಳು, ಒಳಗೆ ಬಂದು ಕೂತು ಕಾಫಿ ಕುಡೀಲಿ. ನೀವಿಬ್ಬರೂ ಇಲ್ಲೇ ನಿಂತಿರಿ. ಈ ಜಗಲಿ ಮೇಲೂ ಬೇಡ, ಕೆಳಗೆ, ಅಂಗಳದಲ್ಲಿ. ನಾನು ಹೇಳೋವರೆಗೂ."

ಒಂದಕ್ಷರ ಬಿಡದೆ ತರ್ಜುಮೆ ಮಾಡಿದೆ. ಆ ಮನೆಯ ಹೊಸ್ತಿಲನ್ನು ಅದುವರೆಗೆ ಬೇರೆ ಜಾತಿಯವರು ದಾಟಿರಲಿಲ್ಲ, ನಾನೇ ದಾಟಿರಲಿಲ್ಲ. ದೊರೆಸಾನಿ ಚಪ್ಪಲಿ ಕಳಚಿ ಒಳಗೆ ಹೋದರು. ದೊರೆ ಬೂಟಿನ ಲಾಡಿ ಬಿಚ್ಚಲು ಬಗ್ಗಿದವರು, ಬಿಸಿಲಿಗಿಳಿದ ನಮ್ಮಿಬ್ಬರನ್ನು ನೋಡಿದರು. ಲಾಡಿಯನ್ನು ಮತ್ತೆ ಕಟ್ಟಿ, ಮೆಟ್ಟಿಲಿಳಿದು ಬಂದು ನಮ್ಮ ಪಕ್ಕದಲ್ಲಿ ನಿಂತರು.

"ಮೊಟ್ಟೆ ಒಡೆದವನು ನಾನು," ಎಂದರು.

ಬೇಡವೆಂದರೂ ಕೇಳಲಿಲ್ಲ. ಹ್ಯಾಟನ್ನು ತಾವು ಹಾಕಿಕೊಳ್ಳದೆ ಶೀನನ ತಲೆಗಿಟ್ಟರು. ಜುಟ್ಟಿನ ಮೇಲೆ ಅದು ನೆಟ್ಟಗೆ ಕೂರಲಿಲ್ಲ. ಬಸವನಗುಡಿಯ ಬೀದಿಯಲ್ಲಿ ಹೋಗುವವರೆಲ್ಲ ನಿಂತು ನೋಡಿ ಹೋದರು. ಶೀನನ ತಾಯಿ ಎರಡು ಸಲ ಬಾಗಿಲಿಗೆ ಬಂದು ಇಣುಕಿ, ಎರಡು ಸಲವೂ ಕಷ್ಟಪಟ್ಟು ಒಳಗೆ ಹೋದರು. ಶಿಕ್ಷೆ ಕೊಟ್ಟವರಿಗೇ ಇಷ್ಟು ಸಂಕಟವಾದ ಶಿಕ್ಷೆಯನ್ನು ನಾನು ಮತ್ತೆ ಕಂಡಿಲ್ಲ.

ಶಾಂತಮ್ಮ ಟೀಚರು ಹೆದರಿದಂತೆ ಶಾಲೆ ಖಾಲಿಯಾಗಲಿಲ್ಲ. ಬೀದಿಯವರಿಗೆ ವಿಷಯ ತಿಳಿಯುವ ಹೊತ್ತಿಗೆ, ಮೊಟ್ಟೆಗಿಂತ ಬಿಸಿಲಲ್ಲಿ ನಿಂತ ದೊರೆಯ ಕಥೆಯೇ ದೊಡ್ಡದಾಗಿತ್ತು. ಏಪ್ರಿಲ್ಲಿನಲ್ಲಿ, ನಮ್ಮ ಪರೀಕ್ಷೆ ಮುಗಿದ ವಾರ, ದಂಪತಿಗಳು ಹಡಗು ಹತ್ತಿದರು. ಫಲಿತಾಂಶವನ್ನು ಕಾಗದ ಬರೆದು ತಿಳಿಸಿದೆವು: ಮೂವರೂ ಪಾಸು. ನನಗೆ ಬಂದ ಅಂಕಗಳನ್ನು ಇಲ್ಲಿ ಬರೆಯುವುದಿಲ್ಲ. ಸೇತುವೆಗಳು ಇನ್ನೂ ನಿಂತಿವೆ, ಅವನ್ನು ಬಳಸುವವರ ಧೈರ್ಯ ಕೆಡಿಸಬಾರದು.

ಆದರೆ ಇದೆಲ್ಲ ಆಗಬೇಕಾದರೆ ಆ ಭಾನುವಾರದ ಸಂಜೆ ದಾಟಬೇಕಿತ್ತು. ಮುಖ ಸುಟ್ಟುಕೊಂಡು ಮನೆಗೆ ಬಂದೆ. ಅಪ್ಪಾಜಿ ಪಡಸಾಲೆಯಲ್ಲಿದ್ದರು. ಎರಡು ಮನೆಯಲ್ಲೂ ನಡೆದದ್ದನ್ನು ಹೇಳಿದೆ. ಅಂಗಳದಲ್ಲಿ ನಿಂತದ್ದನ್ನು ಹೇಳಿದಾಗ ತಲೆಯೆತ್ತಿದರು.

"ದೊರೆಯೂ ನಿಂತ್ರಾ?"

"ನಿಂತ್ರು ಅಪ್ಪಾಜಿ."

"ಎಷ್ಟು ಹೊತ್ತು?"

"ಒಂದು ಗಂಟೆ ಆಗಿರಬೇಕು."

"ಬಿಸಿಲಲ್ಲಿ?"

"ಬಿಸಿಲಲ್ಲಿ. ಹ್ಯಾಟೂ ಇಲ್ಲದೆ."

ಅಪ್ಪಾಜಿ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು, ಬೋಳಾದ ತಲೆಯನ್ನು ಒಂದು ಸಲ ಸವರಿಕೊಂಡರು.

"ಮಂಗಳವಾರ ಪಾಠ ಎಷ್ಟು ಗಂಟೆಗೆ?"

"ನಾಲ್ಕಕ್ಕೆ."

"ಮೂರೂವರೆಗೇ ಹೋಗಿ ಕೂತಿರು," ಅಂದರು. "ಅಂಥವರನ್ನ ಕಾಯಿಸಬಾರದು."